ಕಪ್ಪಿಗೊಂದು ಹೆಸರು

ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಮುಂಚೆ, ಬುಧವಾರ ಮಧ್ಯಾಹ್ನ ಊಟವಾದ ಮೇಲೆ, ನಮ್ಮ ಮನೆಯಲ್ಲಿ ಬೆಳ್ಳಿ ತೊಳೆಯುವ ಕೆಲಸ. ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ ಹಳೇ ಪಂಚೆ ಹಾಸಿ, ಬೀರುವಿನಿಂದ ಒಂದೊಂದೇ ಸಾಮಾನು ತಂದು ಸಾಲಾಗಿ ಇಡುತ್ತೇನೆ. ಜೋಡಿ ದೀಪದ ಕಂಬ, ಪಂಚಪಾತ್ರೆ, ಉದ್ಧರಣೆ, ಆರತಿ ತಟ್ಟೆ, ಮಗಳ ಹಾಲು ಕುಡಿಯುವ ಒಳಲೆ. ಕೊನೆಗೆ ಅತ್ತೆಯ ಕುಂಕುಮದ ಭರಣಿ. ಹಿಡಿ ಗಾತ್ರದ್ದು. ಮುಚ್ಚಳದ ಮೇಲೊಂದು ನವಿಲು, ಕತ್ತು ಹಿಂದಕ್ಕೆ ತಿರುಗಿಸಿ ತನ್ನ ಗರಿಯನ್ನೇ ನೋಡಿಕೊಳ್ಳುತ್ತಿರುವ ನವಿಲು. ವರ್ಷವಿಡೀ ಬಟ್ಟೆಯಲ್ಲಿ ಸುತ್ತಿಟ್ಟಿದ್ದರೂ ಹಬ್ಬದ ಹೊತ್ತಿಗೆ ಅದು ಕಾಡಿಗೆ ಹಚ್ಚಿದ ಹಾಗಿರುತ್ತದೆ.

ಅತ್ತೆ ಇದ್ದಾಗ ಈ ಕೆಲಸ ಅವರದೇ. ವಿಭೂತಿ ಪುಡಿ ಮಾಡಿಕೊಂಡು, ಎರಡು ಹನಿ ನಿಂಬೆರಸ ಬಿಟ್ಟು, ಹೆಬ್ಬೆರಳಿನಲ್ಲಿ ಉಜ್ಜುತ್ತಿದ್ದರು. ವಿಭೂತಿ ಮುಗಿದರೆ ಹಲ್ಲುಪುಡಿ. ಹಿತ್ತಾಳೆಗೆ ಹುಣಸೆಹಣ್ಣು, ತಾಮ್ರಕ್ಕೂ ಹುಣಸೆಹಣ್ಣು, ಬೆಳ್ಳಿಗೆ ಮಾತ್ರ ವಿಭೂತಿ ಎಂಬುದು ಅವರ ಕಟ್ಟುನಿಟ್ಟು. ಒಮ್ಮೆ ನಾನು ಕೇಳಿದ್ದೆ: "ಅತ್ತೆ, ಕಬ್ಬಿಣಕ್ಕೆ ಹಿಡಿದರೆ ತುಕ್ಕು ಅಂತೀವಿ, ತಾಮ್ರಕ್ಕೆ ಹಿಡಿದರೆ ಕಿಲುಬು ಅಂತೀವಿ. ಬೆಳ್ಳಿಗೆ ಹಿಡಿಯೋದಕ್ಕೆ ಏನಂತೀರಿ?" ಅವರು ಭರಣಿಯನ್ನು ಬೆಳಕಿಗೆ ಹಿಡಿದು ನೋಡಿ, "ಅದಕ್ಕೇನಮ್ಮ ಹೆಸರು, ಬೆಳ್ಳಿ ಕಪ್ಪಿಟ್ಟಿದೆ ಅಂತೀವಿ, ಅಷ್ಟೆ" ಅಂದರು.

ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳಿದವಳು. ಕಪ್ಪಿಗೆ ಹೆಸರಿದೆ ಎಂದು ಗೊತ್ತಿತ್ತು: ಸಿಲ್ವರ್ ಸಲ್ಫೈಡ್. ಅದೇ ವಸ್ತು ಭೂಮಿಯೊಳಗೆ ಖನಿಜವಾಗಿ ಸಿಕ್ಕಿದಾಗ ಅದರ ಹೆಸರು ಅಕ್ಯಾಂಥೈಟ್. ಈ ಎರಡನೆಯ ಹೆಸರು ತಿಳಿದದ್ದು ಬಹಳ ತಡವಾಗಿ. ತಿಳಿದ ದಿನ ಅತ್ತೆ ಇರಲಿಲ್ಲ. ಅವರಿಗೆ ಹೇಳಬೇಕಾಗಿದ್ದ ಮಾತನ್ನು ಈಗ ಬರೆಯುತ್ತಿದ್ದೇನೆ.

ಗ್ರೀಕ್ ಭಾಷೆಯಲ್ಲಿ ಅಕಾಂಥ ಅಂದರೆ ಮುಳ್ಳು. ಈ ಖನಿಜದ ಹರಳುಗಳು ಕೆಲವೊಮ್ಮೆ ಜಾಲಿಮುಳ್ಳಿನ ಹಾಗೆ ಮೊನಚಾಗಿ ಎದ್ದಿರುತ್ತವೆ. 1855ರಲ್ಲಿ ಕೆನ್‌ಗಾಟ್ ಎಂಬ ಖನಿಜಶಾಸ್ತ್ರಜ್ಞ ಬೊಹೀಮಿಯದ ಯಾಕಿಮೊವ್ ಗಣಿಗಳಲ್ಲಿ ಸಿಕ್ಕಿದ ಹರಳುಗಳನ್ನು ನೋಡಿ ಆ ಹೆಸರಿಟ್ಟ. ಇವತ್ತಿನ ಚೆಕ್ ದೇಶದಲ್ಲಿರುವ ಆ ಊರಿಗೆ ಜರ್ಮನ್ ಭಾಷೆಯಲ್ಲಿ ಯೋಆಕಿಮ್ಸ್‌ತಾಲ್ ಎಂದು ಹೆಸರು. ಅಲ್ಲಿನ ಬೆಳ್ಳಿಯಲ್ಲಿ ಟಂಕಿಸಿದ ನಾಣ್ಯ ತಾಲರ್ ಆಯಿತು, ತಾಲರ್ ಊರೂರು ತಿರುಗಿ ಡಾಲರ್ ಆಯಿತು. ನಮ್ಮ ರೂಪಾಯಿಯೂ ಬೆಳ್ಳಿಯ ಮಗುವೇ, ಸಂಸ್ಕೃತದ ರೂಪ್ಯದಿಂದ ಬಂದದ್ದು. ಇನ್ನು ಕನ್ನಡದ ಬೆಳ್ಳಿ ಎಂಬ ಮಾತಿನಷ್ಟು ಚೆಂದದ್ದು ನನಗೆ ಬೇರೆ ಭಾಷೆಯಲ್ಲಿ ಕಂಡಿಲ್ಲ. ಬೆಳ್ಳಗಿರುವುದೆಲ್ಲ ಅದರ ಬಳಗ: ಬೆಳ್ದಿಂಗಳು, ಬೆಳ್ಳಕ್ಕಿ, ಬೆಳ್ಳುಳ್ಳಿ. ಬೆಳಗಿನ ಜಾವ ಮೂಡುವ ಶುಕ್ರನನ್ನೂ ನಮ್ಮವರು ಬೆಳ್ಳಿ ಎಂದೇ ಕರೆದರು. ಬಿಳುಪನ್ನೇ ಹೆಸರಾಗಿ ಪಡೆದ ಲೋಹ ಗಾಳಿಗೆ ಕೂತಲ್ಲೇ ಕಪ್ಪಾಗುತ್ತದೆ ಎಂಬುದು ನನಗೆ ಇವತ್ತಿಗೂ ಸೋಜಿಗ.

ಕಪ್ಪಾಗುವುದು ಗಂಧಕದಿಂದ. ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆಯ ಅನಿಲ, ಮೂಗಿಗೆ ತಿಳಿಯದಷ್ಟು ಇದ್ದರೂ ಸಾಕು, ಬೆಳ್ಳಿ ಅದನ್ನು ಎಳೆದುಕೊಳ್ಳುತ್ತದೆ. ನಾವು ಜಯನಗರದ ಬಾಡಿಗೆ ಮನೆ ಬಿಟ್ಟು ಗೊಟ್ಟಿಗೆರೆಗೆ ಬಂದ ಮೊದಲ ವರ್ಷವೇ ಅತ್ತೆ, "ಈ ಮನೆಯಲ್ಲಿ ಬೆಳ್ಳಿ ಬೇಗ ಕಪ್ಪಾಗುತ್ತೆ ಕಣಮ್ಮ" ಅಂದಿದ್ದರು. ವಾಸ್ತು ಸರಿಯಿಲ್ಲವೇನೋ ಎಂದು ಅವರಿಗೆ ಅಳುಕು. ಕಾರಣ ಹಿಂದಿನ ಬೀದಿಯಲ್ಲೇ ಇತ್ತು. ಅಲ್ಲಿನ ಕೆರೆಗೆ ಕೊಳಚೆ ನೀರು ಸೇರುತ್ತಿದ್ದ ದಿನಗಳವು. ನೀರಿನೊಳಗೆ ಉಸಿರು ಕಟ್ಟಿ, ತಳದ ಕೆಸರು ಕೊಳೆತು, ಸಂಜೆ ಗಾಳಿ ತಿರುಗಿದಾಗ ಆ ಅನಿಲ ಮನೆಯೊಳಕ್ಕೂ ಬರುತ್ತಿತ್ತು. ನಮ್ಮ ಮೂಗು ನಾಲ್ಕು ದಿನಕ್ಕೆ ಒಗ್ಗಿಕೊಂಡಿತು. ಭರಣಿ ಒಗ್ಗಿಕೊಳ್ಳಲಿಲ್ಲ, ಕೆರೆ ಹೇಗಿದೆ ಎಂಬುದನ್ನು ದಿನದಿನವೂ ಮೈಮೇಲೆ ಬರೆದುಕೊಂಡಿತು.

ಗೊಟ್ಟಿಗೆರೆಯ ನೆಲದಲ್ಲಿ ಬೆಳ್ಳಿಯ ಖನಿಜವಿಲ್ಲ. ಮನೆ ಕಟ್ಟುವಾಗ ಪಾಯ ತೋಡಿದರೆ ಸಿಕ್ಕುವುದು ಬೂದು ಗೆರೆಯ ನೈಸ್ ಕಲ್ಲು, ಲಾಲ್‌ಬಾಗಿನ ಬಂಡೆಯ ಕುಲದ್ದು, ಸುಮಾರು 300 ಕೋಟಿ ವರ್ಷ ಹಳೆಯದು. ಕರ್ನಾಟಕದಲ್ಲಿ ಬೆಳ್ಳಿ ಸಿಗುವುದೇನಿದ್ದರೂ ಚಿನ್ನದ ಸೆರಗು ಹಿಡಿದುಕೊಂಡು. ಕೋಲಾರದ ಚಿನ್ನದಲ್ಲಿ ಅಷ್ಟಿಷ್ಟು ಇತ್ತು, ಹಟ್ಟಿಯ ಚಿನ್ನದ ಜೊತೆಗೂ ಬರುತ್ತದೆ. ನಮ್ಮ ದೇಶದ ಗಣಿಗಳಿಂದ ಬರುವ ಬೆಳ್ಳಿಯ ಬಹುಪಾಲು ರಾಜಸ್ಥಾನದ ಸೀಸ, ಸತುವಿನ ಅದಿರಿನದು. ಹಾಗಾಗಿ ಅಕ್ಯಾಂಥೈಟ್ ನಮ್ಮ ನೆಲಕ್ಕೆ ಅಪರೂಪ. ಆದರೆ ಈ ಬಡಾವಣೆಯ ಯಾವ ದೇವರ ಕೋಣೆಗೆ ಹೋದರೂ ಒಂದು ತೆಳು ಪದರ ಇದ್ದೇ ಇರುತ್ತದೆ. ನೆಲದಲ್ಲಿ ತಾನಾಗಿ ಹುಟ್ಟಿದ್ದನ್ನೇ ಖನಿಜ ಎನ್ನಬೇಕೆಂಬ ಶಾಸ್ತ್ರದವರ ನಿಯಮ ನನಗೆ ಗೊತ್ತು. ಆದರೂ ಪರಮಾಣುಗಳ ಲೆಕ್ಕ ಒಂದೇ: ಎರಡು ಬೆಳ್ಳಿ, ಒಂದು ಗಂಧಕ.

ಇದೇ ವಸ್ತುವಿಗೆ ಇನ್ನೊಂದು ಹೆಸರೂ ಇದೆ, ಅರ್ಜೆಂಟೈಟ್. 1845ರಲ್ಲಿ ಹೈಡಿಂಗರ್ ಇಟ್ಟದ್ದು, ಲ್ಯಾಟಿನ್‌ನ ಬೆಳ್ಳಿಯಿಂದ. ಬಿಸಿ ಸುಮಾರು 173 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಸಿಲ್ವರ್ ಸಲ್ಫೈಡಿನ ಪರಮಾಣುಗಳು ಘನಾಕೃತಿಯಲ್ಲಿ ಕೂರುತ್ತವೆ, ಅದು ಅರ್ಜೆಂಟೈಟ್. ಆರಿದರೆ ಒಳಗಿನ ಜೋಡಣೆ ಬದಲಾಗಿ ಅಕ್ಯಾಂಥೈಟ್ ಆಗುತ್ತದೆ. ಹೊರಗಿನ ಆಕಾರ ಮಾತ್ರ ಹಾಗೇ ಉಳಿಯುತ್ತದೆ. ಮ್ಯೂಸಿಯಂಗಳ ಗಾಜಿನ ಪೆಟ್ಟಿಗೆಯಲ್ಲಿ ಅರ್ಜೆಂಟೈಟ್ ಎಂಬ ಚೀಟಿ ಹೊತ್ತು ಕೂತಿರುವ ಪುಟ್ಟ ಕಪ್ಪು ಘನಗಳೆಲ್ಲ ಒಳಗೆ ಅಕ್ಯಾಂಥೈಟೇ. ಅಜ್ಜನ ಕಾಲದ ಬೋರ್ಡು ಅಂಗಡಿಯ ಮೇಲೆ ಉಳಿದು, ಒಳಗೆ ಮೊಮ್ಮಗ ಬೇರೆ ವ್ಯಾಪಾರ ಮಾಡುತ್ತಿರುವ ಹಾಗೆ.

ಬೋರ್ಡಿನ ಮಾತು ಬಂದಾಗ ನಮ್ಮೂರಿನ ಹೆಸರಿನದೂ ಒಂದು ಮಾತು. ನಮ್ಮ ಮೆಟ್ರೋ ಮಾರ್ಗವನ್ನು ಯೋಜನೆಯ ಕಾಲದಿಂದ ಗೊಟ್ಟಿಗೆರೆ–ನಾಗವಾರ ಮಾರ್ಗ ಎಂದೇ ಕರೆದರು. ಕೊನೆಯ ನಿಲ್ದಾಣಕ್ಕೆ ಬಂದ ಹೆಸರು ಕಾಳೇನ ಅಗ್ರಹಾರ. ಅದು ಪಕ್ಕದ ಊರು, ಅದಕ್ಕೂ ತನ್ನ ಹೆಸರು ಉಳಿಯುವ ಹಕ್ಕಿದೆ, ನನಗೆ ಬೇಸರವಿಲ್ಲ. ಆದರೆ ಗೊಟ್ಟಿಗೆರೆ ಎಂಬ ಮಾತಿನ ಮೇಲೆ ನನಗೆ ಹೆಚ್ಚು ಅಕ್ಕರೆ. ಹಳಗನ್ನಡದಲ್ಲಿ ಗೊಟ್ಟಿ ಎಂದರೆ ಗೋಷ್ಠಿ, ಜನ ಕೂಡಿ ಮಾತಾಡುವ ಸುಖ. ಕೆರೆಯ ಏರಿಯ ಮೇಲೆ ನಾಲ್ಕು ಜನ ಕೂತು ಮಾತಾಡಿದ ಊರು ಎಂದು ನಾನು ಈ ಹೆಸರನ್ನು ಓದಿಕೊಳ್ಳುತ್ತೇನೆ. ಸಂಜೆ ವಾಕಿಂಗ್ ಹೋದಾಗ ಈಗಲೂ ಅದು ಸುಳ್ಳಲ್ಲ.

ಬೆಳ್ಳಿಯ ಲೋಕದಲ್ಲಂತೂ ಹೆಸರು ಒಂದು ಕಡೆ, ವಸ್ತು ಒಂದು ಕಡೆ. ಶ್ರಾವಣ ಬಂತೆಂದರೆ ಜಯನಗರ ಫೋರ್ತ್ ಬ್ಲಾಕಿನಲ್ಲಿ ಜರ್ಮನ್ ಸಿಲ್ವರ್ ತಟ್ಟೆ, ಅರಿಶಿನ ಕುಂಕುಮದ ಬಟ್ಟಲು ರಾಶಿರಾಶಿ. ತಾಂಬೂಲದ ಜೊತೆ ಕೊಡಲು ಎಲ್ಲರೂ ಕೊಳ್ಳುತ್ತಾರೆ. ಅದರಲ್ಲಿ ಬೆಳ್ಳಿ ಒಂದು ಗುಂಜಿಯೂ ಇಲ್ಲ. ತಾಮ್ರ, ನಿಕಲ್, ಸತು ಸೇರಿಸಿದ ಮಿಶ್ರಲೋಹ. ಅದೇ ಬೀದಿಯಲ್ಲಿ ಮಗಳು ಹುಡುಕಿಕೊಂಡು ಹೋಗುವುದು ಆಕ್ಸಿಡೈಸ್ಡ್ ಬೆಳ್ಳಿಯ ಜುಮುಕಿ. ಬೆಳ್ಳಿಯ ಒಡವೆಯನ್ನು ಗಂಧಕ ಸೇರಿದ ಪೊಟ್ಯಾಸಿಯಂ ಲವಣದ ದ್ರಾವಣದಲ್ಲಿ ಅದ್ದಿ ಬೇಕೆಂದೇ ಕಪ್ಪು ಮಾಡಿ, ಉಬ್ಬಿದ ಜಾಗವನ್ನು ಮಾತ್ರ ಪಾಲಿಶ್ ಮಾಡಿರುತ್ತಾರೆ. ಆ ಕಪ್ಪಿನಲ್ಲಿ ಆಕ್ಸಿಜನ್ ಇಲ್ಲ, ಅದೂ ಸಿಲ್ವರ್ ಸಲ್ಫೈಡೇ. ಅತ್ತೆ ಐವತ್ತು ವರ್ಷ ಉಜ್ಜಿ ತೆಗೆದ ಕಪ್ಪನ್ನು ಮೊಮ್ಮಗಳು ದುಡ್ಡು ಕೊಟ್ಟು ತರುತ್ತಾಳೆ. ನೋಡಲು ಬಲು ಚೆಂದ, ನಾನೂ ಒಂದು ಜೊತೆ ಇಟ್ಟುಕೊಂಡಿದ್ದೇನೆ.

ಹೋದ ವರ್ಷ ಭರಣಿಯ ಮುಚ್ಚಳದ ಕೀಲು ಸಡಿಲವಾಯಿತು. ಬನ್ನೇರುಘಟ್ಟ ರಸ್ತೆಯ ಒಳಗಿನ ಗಲ್ಲಿಯಲ್ಲಿ ಕೂರುವ ಅಕ್ಕಸಾಲಿಗರ ಬಳಿ ತೆಗೆದುಕೊಂಡು ಹೋದೆ. ಅವರು ಮೊದಲು ತಕ್ಕಡಿಗೆ ಇಟ್ಟರು. 112 ಗ್ರಾಂ. "ಹತ್ತು ತೊಲದ್ದು ಅಂತ ನಮ್ಮತ್ತೆ ಹೇಳ್ತಿದ್ರು" ಅಂದೆ. ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿ, "ಹತ್ತು ತೊಲ ಅಂದ್ರೆ ನೂರಾ ಹದಿನಾರೂವರೆ ಆಗಬೇಕು ತಾಯಿ. ನಾಲ್ಕೂವರೆ ಗ್ರಾಂ ತೊಳೆದುಬಿಟ್ಟಿದ್ದೀರಿ" ಅಂದರು. ನವಿಲಿನ ಗರಿಯ ಮೇಲೆ ಬೆರಳಾಡಿಸಿ ತೋರಿಸಿದರು. ಒಂದೊಂದು ಕಣ್ಣಿನ ಸುತ್ತಲೂ ಉಳಿಯಲ್ಲಿ ಕೊರೆದಿದ್ದ ಸಣ್ಣ ಗೆರೆಗಳು ಬಲಗಡೆ ಸವೆದು ನುಣುಪಾಗಿದ್ದವು. ಅತ್ತೆಯ ಹೆಬ್ಬೆರಳು ಆಡುತ್ತಿದ್ದ ಕಡೆ ಅದು. ಎಡಗಡೆ ಮಾತ್ರ ಗೆರೆ ಇನ್ನೂ ಇತ್ತು, ಗೆರೆಯ ಆಳದಲ್ಲಿ ಕಪ್ಪು ಇತ್ತು.

ಆ ಕಪ್ಪಿನ ತೂಕದಲ್ಲಿ ನೂರಕ್ಕೆ ಎಂಬತ್ತೇಳು ಪಾಲು ಬೆಳ್ಳಿಯೇ. ಕೊಳೆ ಎಂದುಕೊಂಡು ಪ್ರತಿ ಹಬ್ಬಕ್ಕೂ ಬಚ್ಚಲಿಗೆ ಬಿಟ್ಟದ್ದು ಅದನ್ನೇ. ಉಜ್ಜುವ ಪುಡಿ ಒರಟಾಗಿದ್ದರೆ ಅಡಿಯ ಒಳ್ಳೆಯ ಬೆಳ್ಳಿಯನ್ನೂ ಕೆರೆದುಕೊಂಡು ಹೋಗುತ್ತದೆ.

ಕಡಿಮೆ ಬಿದ್ದ ತೂಕ ಎಂದಾಗಲೆಲ್ಲ ನನಗೆ ಇನ್ನೊಂದು ಬೆಳ್ಳಿ ಖನಿಜದ ಕಥೆ ನೆನಪಾಗುತ್ತದೆ. ತರಗತಿಯಲ್ಲಿ ಅದನ್ನು ಎಷ್ಟು ಸಲ ಹೇಳಿದ್ದೇನೋ. 1885ರಲ್ಲಿ ಜರ್ಮನಿಯ ಫ್ರೈಬರ್ಗ್ ಬಳಿಯ ಗಣಿಯೊಂದರಲ್ಲಿ ಒಂದು ಹೊಸ ಖನಿಜ ಸಿಕ್ಕಿತು. ಆ ಗಣಿಯ ಹೆಸರು ಹಿಮೆಲ್ಸ್‌ಫ್ಯೂರ್ಸ್ಟ್, ಸ್ವರ್ಗದ ದೊರೆ ಎಂದು ಅರ್ಥ. ವೈಸ್‌ಬಾಖ್ ಎಂಬ ಪ್ರಾಧ್ಯಾಪಕ ಬೆಳ್ಳಿಯ ಗ್ರೀಕ್ ಹೆಸರಿನಿಂದಲೇ ಅದಕ್ಕೆ ಆರ್ಜಿರೊಡೈಟ್ ಎಂದು ಹೆಸರಿಟ್ಟು, ಒಳಗೇನಿದೆ ನೋಡಿ ಎಂದು ಕ್ಲೆಮೆನ್ಸ್ ವಿಂಕ್ಲರ್ ಎಂಬ ರಸಾಯನಜ್ಞನ ಕೈಗೆ ಕೊಟ್ಟ. ವಿಂಕ್ಲರ್ ಬಿಡಿಸಿ ತೂಗಿದ. ಬೆಳ್ಳಿ ಸುಮಾರು ಮುಕ್ಕಾಲು ಪಾಲು, ಉಳಿದದ್ದರಲ್ಲಿ ಹೆಚ್ಚಿನದು ಗಂಧಕ. ಎಲ್ಲ ಕೂಡಿದರೂ ನೂರಕ್ಕೆ ತೊಂಬತ್ತಮೂರೇ ಬಂತು. ಮತ್ತೆ ತೂಗಿದ, ಮತ್ತೆ ಏಳು ಪಾಲು ಇಲ್ಲ. ಬೇರೆ ಯಾರಾದರೂ ಆಗಿದ್ದರೆ ತಕ್ಕಡಿಯನ್ನು ದೂರುತ್ತಿದ್ದರು. ಆತ ತಿಂಗಳುಗಟ್ಟಲೆ ಬೆನ್ನು ಹತ್ತಿ 1886ರ ಫೆಬ್ರವರಿಯಲ್ಲಿ ಆ ಏಳು ಪಾಲನ್ನು ಹಿಡಿದ. ಅದುವರೆಗೆ ಯಾರೂ ಕಾಣದ ಮೂಲವಸ್ತು ಅದು. ತನ್ನ ದೇಶದ ಹೆಸರನ್ನೇ ಇಟ್ಟು ಜರ್ಮೇನಿಯಂ ಎಂದ. ಜರ್ಮನಿಯ ಹೆಸರೂ ಬೆಳ್ಳಿಯೂ ನಿಜವಾಗಿ ಒಟ್ಟಿಗಿರುವುದು ಈ ಖನಿಜದಲ್ಲಿ, ಅಂಗಡಿಯ ತಟ್ಟೆಯಲ್ಲಿ ಅಲ್ಲ.

ಕಾಣದ ಮೂಲವಸ್ತು ಎಂದೆ. ಕಾಣದಿದ್ದರೂ ಕಾದುಕೊಂಡಿದ್ದವನೊಬ್ಬನಿದ್ದ. ರಷ್ಯದ ಮೆಂಡಲೀವ್ 1871ರಲ್ಲೇ ತನ್ನ ಕೋಷ್ಟಕದಲ್ಲಿ ಸಿಲಿಕಾನಿನ ಕೆಳಗಿನ ಮನೆ ಖಾಲಿ ಬಿಟ್ಟು, ಅಲ್ಲಿಗೆ ಬರಬೇಕಾದವನ ಪರಮಾಣು ತೂಕ 72 ಇರಬೇಕು ಎಂದು ಬರೆದಿಟ್ಟಿದ್ದ. ಇವತ್ತು ಒಪ್ಪಿಕೊಂಡಿರುವ ತೂಕ 72.6. ಹುಟ್ಟದ ಮಗುವಿಗೆ ಹೆಸರನ್ನೂ ಇಟ್ಟಿದ್ದ, ಏಕಸಿಲಿಕಾನ್ ಎಂದು. ಸಂಸ್ಕೃತದ ಏಕ, ದ್ವಿ, ತ್ರಿ ಎಂಬ ಎಣಿಕೆಯನ್ನು ಆತ ಖಾಲಿ ಮನೆಗಳಿಗೆ ಹಚ್ಚಿದ್ದ. ಪಾಠ ಹೇಳುತ್ತಾ ಈ ಜಾಗಕ್ಕೆ ಬಂದಾಗ ಹಿಂದಿನ ಬೆಂಚಿನ ಮಕ್ಕಳೂ ತಲೆ ಎತ್ತುತ್ತಿದ್ದರು. ಏಕ ಅಂದರೆ ನಮ್ಮ ಏಕವೇ ಮಿಸ್, ಎಂದು ಕೇಳುತ್ತಿದ್ದರು. ಹೌದಪ್ಪ, ನಮ್ಮ ಏಕವೇ.

ಜರ್ಮೇನಿಯಂ ಆಮೇಲೆ ಏನಾಯಿತು ಎಂಬುದಕ್ಕೆ ನಮ್ಮ ಮಾವನ ಟ್ರಾನ್ಸಿಸ್ಟರ್ ರೇಡಿಯೋ ಸಾಕ್ಷಿ. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾಡಿದ ಮೊದಲ ಟ್ರಾನ್ಸಿಸ್ಟರ್ ಜರ್ಮೇನಿಯಂ ತುಣುಕಿನದು. ಹದಿನೈದು ವರ್ಷದಲ್ಲಿ, 1962ರಲ್ಲಿ, ನಮ್ಮ ಬೆಂಗಳೂರಿನ ಬಿಇಎಲ್ ಜರ್ಮೇನಿಯಂ ಅರೆವಾಹಕಗಳನ್ನು ತಯಾರಿಸತೊಡಗಿತು. ಕಂಕುಳಲ್ಲಿ ರೇಡಿಯೋ ಇಟ್ಟುಕೊಂಡು ಹೊಲಕ್ಕೆ ಹೋಗುತ್ತಿದ್ದ ತಲೆಮಾರಿನ ಹಿಂದೆ ಒಂದು ಬೆಳ್ಳಿ ಖನಿಜದ ತೂಕದ ಲೆಕ್ಕವಿದೆ.

ಅದಕ್ಕೂ ಹಿಂದೆ ಹೋದರೆ ಮತ್ತೆ ನಮ್ಮ ಭರಣಿಯ ಕಪ್ಪಿಗೇ ಬರುತ್ತೇವೆ. 1833ರಲ್ಲಿ ಮೈಕೆಲ್ ಫ್ಯಾರಡೆ ಸಿಲ್ವರ್ ಸಲ್ಫೈಡಿನ ತುಣುಕೊಂದನ್ನು ದೀಪಕ್ಕೆ ಹಿಡಿದು ಕಾಯಿಸಿದ. ಲೋಹಗಳು ಕಾದಷ್ಟೂ ವಿದ್ಯುತ್ತಿಗೆ ಹೆಚ್ಚು ಅಡ್ಡಿ ಮಾಡುತ್ತವೆ. ಇದು ಕಾದಷ್ಟೂ ದಾರಿ ಬಿಟ್ಟಿತು, ಆರಿದಾಗ ಮತ್ತೆ ಅಡ್ಡ ಬಂತು. ಅರೆವಾಹಕದ ನಡತೆಯನ್ನು ಮನುಷ್ಯ ಮೊದಲು ಗಮನಿಸಿದ್ದು ಅಲ್ಲಿ. ಈ ಊರಿನ ಅರ್ಧ ಮಕ್ಕಳು ಚಿಪ್ ವಿನ್ಯಾಸದ ಕಂಪನಿಗಳಿಗೆ ಕ್ಯಾಬ್ ಹತ್ತಿ ಹೋಗುತ್ತಾರೆ. ಅವರ ಕಸುಬಿನ ಮೂಲಪುರುಷ ಅಮ್ಮನ ದೇವರ ಕೋಣೆಯಲ್ಲಿ ದೀಪದ ಕಂಬಕ್ಕೆ ಅಂಟಿಕೊಂಡು ಕೂತಿದ್ದಾನೆ.

ಆರ್ಜಿರೊಡೈಟ್ ಎಂಬ ಹೆಸರಿಗೂ ಈಗ ಹೊಸ ಬಾಳು ಬಂದಿದೆ. ಆ ಖನಿಜದೊಳಗೆ ಬೆಳ್ಳಿಯ ಅಯಾನುಗಳು ಒಂದು ಕಡೆ ನಿಲ್ಲದೆ ಸಂದುಗಳಲ್ಲಿ ಓಡಾಡುತ್ತವೆ. 2008ರಲ್ಲಿ ಜರ್ಮನಿಯ ಸಂಶೋಧಕರು ಬೆಳ್ಳಿಯ ಜಾಗದಲ್ಲಿ ಲಿಥಿಯಂ, ಜರ್ಮೇನಿಯಂ ಜಾಗದಲ್ಲಿ ರಂಜಕ ಕೂರಿಸಿ, ಕ್ಲೋರಿನ್ನಂಥವನ್ನೂ ಸೇರಿಸಿ, ಅದೇ ಮನೆಯ ನಕ್ಷೆಯಲ್ಲಿ ಹೊಸ ವಸ್ತು ಕಟ್ಟಿದರು. ಲಿಥಿಯಂ ಅಲ್ಲಿ ಸರಾಗ ಓಡುತ್ತದೆ. ದ್ರವವಿಲ್ಲದ ಬ್ಯಾಟರಿ ಮಾಡಲು ಹೊರಟಿರುವವರ ಕೈಯಲ್ಲಿ ಈಗ ಅದೇ ಮುಖ್ಯ ಸಾಮಗ್ರಿಗಳಲ್ಲೊಂದು. ಅದರಲ್ಲಿ ಬೆಳ್ಳಿ ಇಲ್ಲ, ಜರ್ಮೇನಿಯಮ್ಮೂ ಇಲ್ಲ. ಹೆಸರು ಮಾತ್ರ ಆರ್ಜಿರೊಡೈಟ್. ಇದನ್ನು ಜರ್ಮನ್ ಸಿಲ್ವರಿನ ಸಾಲಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಅಲ್ಲಿ ಹೆಸರು ಹೊಳಪಿಗಾಗಿ ಎರವಲು ತಂದದ್ದು. ಇಲ್ಲಿ ಮನೆತನದ ಹೆಸರಿನ ಹಾಗೆ, ಒಳಗಿನ ಕಟ್ಟೋಣವನ್ನು ಹೇಳುತ್ತದೆ.

ನಮ್ಮ ನೆಲದ ಹೆಸರು ಹೊತ್ತ ಖನಿಜಗಳೂ ಇವೆ, ಅವನ್ನು ಹೇಳದೆ ಮುಗಿಸಲಾರೆ. ಕೋಲಾರದ ಚಿನ್ನದ ಅದಿರಿನಲ್ಲಿ ಎರಡು ಹೊಸ ಖನಿಜಗಳನ್ನು ಭಾರತ ಮತ್ತು ರಷ್ಯದ ವಿಜ್ಞಾನಿಗಳು ಕೂಡಿ ಗುರುತಿಸಿ 1985ರಲ್ಲಿ ಪ್ರಕಟಿಸಿದರು. ಬೆಳ್ಳಿಯವಲ್ಲ, ಸೀಸ, ಟೆಲುರಿಯಂ, ಕ್ಲೋರಿನ್ ಸೇರಿದವು. ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಷ್ಟು ಕಿರಿದು. ಒಂದಕ್ಕೆ ಕೋಲಾರೈಟ್ ಎಂದು ಹೆಸರು. ಇನ್ನೊಂದಕ್ಕೆ ರಾಧಾಕೃಷ್ಣೈಟ್, ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ ಅವರ ಗೌರವಕ್ಕೆ. 1918ರಲ್ಲಿ ಹುಟ್ಟಿ 2012ರಲ್ಲಿ ತೀರಿಕೊಂಡ ಅವರು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದವರು. 1958ರಲ್ಲಿ ಹುಟ್ಟಿದ ಭಾರತೀಯ ಭೂವೈಜ್ಞಾನಿಕ ಸಂಘವನ್ನು ದಶಕಗಳ ಕಾಲ ಹೆಗಲ ಮೇಲೆ ಹೊತ್ತವರು. ಅದರ ಕಚೇರಿ ಇಲ್ಲೇ ಗವಿಪುರದಲ್ಲಿದೆ. ಅಷ್ಟೆಲ್ಲ ಇಂಗ್ಲಿಷಿನಲ್ಲಿ ಬರೆದವರು ಅಂತರ್ಜಲದ ಬಗ್ಗೆ ಕನ್ನಡದಲ್ಲೂ ಬರೆದರು. ನಮ್ಮ ಬೀದಿಗೆ ಬೇಸಿಗೆಯಲ್ಲಿ ಟ್ಯಾಂಕರ್ ಬಂದು ನಿಂತಾಗಲೆಲ್ಲ ನಾನು ಅವರನ್ನು ನೆನೆಯುತ್ತೇನೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಪ್ರಪಂಚದ ಖನಿಜಗಳ ಪಟ್ಟಿಯಲ್ಲಿ ಆ ಎರಡು ಹೆಸರು ಉಳಿದಿವೆ, ನಮ್ಮ ಮಕ್ಕಳ ಪಠ್ಯದಲ್ಲೂ ಇರಬೇಕು ಎಂಬುದು ನನ್ನ ಆಸೆ.

ಈಗ ನಾನು ಬೆಳ್ಳಿ ಉಜ್ಜುವುದನ್ನು ಬಿಟ್ಟಿದ್ದೇನೆ. ಸ್ಟೀಲಿನ ಬೇಸಿನ್ನಿನಲ್ಲಿ ಅಲ್ಯೂಮಿನಿಯಂ ಹಾಳೆ ಹಾಸಿ, ಕುದಿಯುವ ನೀರು ಹುಯ್ದು, ಎರಡು ಚಮಚ ಅಡುಗೆ ಸೋಡ ಹಾಕಿ, ಸಾಮಾನುಗಳು ಹಾಳೆಗೆ ತಗಲುವಂತೆ ಮುಳುಗಿಸುತ್ತೇನೆ. ಐದು ನಿಮಿಷಕ್ಕೆ ನೀರಿನಿಂದ ಸಣ್ಣಗೆ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ, ಕೆರೆಯಿಂದ ಬಂದ ಗಂಧಕ ಹೊರಟಿತು ಎಂದು ಲೆಕ್ಕ. ಅಲ್ಯೂಮಿನಿಯಂ ಗಂಧಕವನ್ನು ಬಿಡಿಸಿಕೊಳ್ಳುತ್ತದೆ, ಕಪ್ಪಿನಲ್ಲಿದ್ದ ಬೆಳ್ಳಿ ಇದ್ದ ಜಾಗದಲ್ಲೇ ಬೆಳ್ಳಿಯಾಗಿ ಉಳಿಯುತ್ತದೆ. ಆಮೇಲೆ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಕಲ್ಲು, ಮುತ್ತು ಕೂರಿಸಿದ ಒಡವೆಗೆ ಇದು ಬೇಡ, ಮಗಳ ಜುಮುಕಿಗಂತೂ ಬೇಡವೇ ಬೇಡ.

ಭರಣಿಯ ಮುಚ್ಚಳವನ್ನು ಮಾತ್ರ ನಾನು ನೀರಿಗೆ ಹಾಕುವುದಿಲ್ಲ, ಬರೀ ಬಟ್ಟೆಯಲ್ಲಿ ಒರೆಸಿ ಇಡುತ್ತೇನೆ. ನವಿಲಿನ ಎಡಗಡೆಯ ಗರಿಗಳು ಇವತ್ತಿಗೂ ಕಾಣುತ್ತಿರುವುದು ಗೆರೆಯೊಳಗೆ ಉಳಿದ ಕಪ್ಪಿನಿಂದ.